ಗಾಲ್ಫ್ ಪ್ರಶ್ನೋತ್ತರ: ನಾಲ್ಕು ಗಂಟೆಯ ಆಟ, ಒಂದು ಗಂಟೆಯ ಏಕಾಗ್ರತೆ

ಪ್ರಶ್ನೆ: ಪ್ರಾಕ್ಟೀಸ್ ರೇಂಜ್‌ನಲ್ಲಿ ಚೆನ್ನಾಗಿಯೇ ಹೊಡೆಯುತ್ತೇನೆ. ಆದರೆ ಮೊದಲ ಟೀಯಲ್ಲಿ (ಆಟ ಶುರುಮಾಡುವ ಜಾಗ) ಹಿಂದೆ ನಾಲ್ಕು ಜನ ನಿಂತಿದ್ದರೆ ಸಾಕು, ಕೈ ಬಿಗಿದುಕೊಳ್ಳುತ್ತದೆ. ಚೆಂಡು ನೆಲದ ಮೇಲೆ ಉರುಳುತ್ತಾ ಮೂವತ್ತು ಗಜ ಹೋಗಿ ನಿಲ್ಲುತ್ತದೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಗಾಬರಿಯಾದಾಗ ಉಸಿರು ಕಟ್ಟುತ್ತದೆ, ಹಿಡಿತ ಬಿಗಿಯಾಗುತ್ತದೆ, ಬ್ಯಾಕ್‌ಸ್ವಿಂಗ್ (ಕೋಲನ್ನು ಹಿಂದಕ್ಕೆತ್ತುವುದು) ಪೂರ್ತಿಯಾಗುವ ಮೊದಲೇ ಕೈ ಕೆಳಗಿಳಿಯುತ್ತದೆ. ಬಿಗಿದ ತೋಳು ಮಡಚಿಕೊಳ್ಳುವುದರಿಂದ ಕ್ಲಬ್ (ಗಾಲ್ಫ್ ಕೋಲು) ಚೆಂಡಿನ ನೆತ್ತಿಗೆ ತಾಗುತ್ತದೆ. ಇಂಥ ಹೊತ್ತಲ್ಲಿ ‘ಗಾಬರಿಯಾಗಬೇಡ’ ಎಂದು ಮನಸ್ಸಿಗೆ ಹೇಳಿ ಉಪಯೋಗವಿಲ್ಲ. ಅದಕ್ಕೊಂದು ಕೆಲಸ ಕೊಡಿ.

ಚೆಂಡಿನ ಹಿಂದೆ ಮೂರು ಹೆಜ್ಜೆ ನಿಂತು ಗುರಿ ನೋಡಿ. ಆ ಗೆರೆಯಲ್ಲೇ, ಚೆಂಡಿನಿಂದ ಎರಡಡಿ ಮುಂದೆ, ಒಂದು ಒಣ ಎಲೆಯನ್ನೋ ಕಿತ್ತ ಹುಲ್ಲಿನ ಗುರುತನ್ನೋ ಆರಿಸಿಕೊಳ್ಳಿ. ಅಮೆರಿಕದ ದಿಗ್ಗಜ ಗಾಲ್ಫರ್ ಜಾಕ್ ನಿಕ್ಲಾಸ್ ಪ್ರತಿ ಹೊಡೆತಕ್ಕೂ ಹೀಗೇ ಮಾಡುತ್ತಿದ್ದರು. ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡಿ. ಒಂದೇ ಒಂದು ಪ್ರಾಕ್ಟೀಸ್ ಸ್ವಿಂಗ್ ಸಾಕು. ನಡೆದು ಬಂದು ಮೊದಲು ಕ್ಲಬ್ ಫೇಸನ್ನು (ಚೆಂಡಿಗೆ ತಾಗುವ ಮುಖ) ಆ ಗುರುತಿಗೆ ನೇರ ಮಾಡಿ, ಆಮೇಲೆ ಪಾದ ಇಡಿ. ಹಿಡಿತ ಹತ್ತಕ್ಕೆ ನಾಲ್ಕರಷ್ಟಿರಲಿ. ಗುರಿಯತ್ತ ಎರಡು ಸಲ ನೋಡಿ, ಹೊಡೆಯಿರಿ. ಎರಡನೇ ನೋಟದ ನಂತರ ತಡ ಮಾಡಿದರೆ ಕೈ ಮತ್ತೆ ಬಿಗಿಯುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ರೇಂಜ್‌ನಲ್ಲೂ ಕೊನೆಯ ಹದಿನೈದು ಚೆಂಡನ್ನು ಇದೇ ಕ್ರಮದಲ್ಲಿ ಹೊಡೆಯಿರಿ. ಅಲ್ಲಿ ರೂಢಿಯಾಗದ್ದು ಟೀಯಲ್ಲಿ ಬರುವುದಿಲ್ಲ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಮೇಲೆ ನಂಬಿಕೆಯಿಲ್ಲದ ದಿನ, ಅದಕ್ಕಿಂತ ಚಿಕ್ಕದಾದ 5 ವುಡ್ ತೆಗೆದುಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಪ್ರಶ್ನೆ: ಹದಿನೆಂಟು ಹೋಲ್‌ಗಳ ಆಟದಲ್ಲಿ ಹನ್ನೆರಡನೇ ಹೋಲ್ ದಾಟಿದ ಮೇಲೆ ತಲೆ ಓಡುವುದೇ ಇಲ್ಲ. ನಾಲ್ಕು ಗಂಟೆ ಏಕಾಗ್ರತೆ ಉಳಿಸಿಕೊಳ್ಳುವುದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ಉಳಿಸಿಕೊಳ್ಳಬೇಡಿ, ಅದು ಯಾರಿಂದಲೂ ಆಗದು. 2019ರಲ್ಲಿ ಜಾರಿಗೆ ಬಂದ ನಿಯಮಗಳು ಒಂದು ಹೊಡೆತವನ್ನು 40 ಸೆಕೆಂಡ್‌ನೊಳಗೆ ಮುಗಿಸಲು ಹೇಳುತ್ತವೆ. 90 ಹೊಡೆತದ ಆಟಗಾರನಿಗೆ ಒಟ್ಟು ಆಗುವುದು ಒಂದು ಗಂಟೆ. ಉಳಿದ ಮೂರು ಗಂಟೆ ಮನಸ್ಸಿಗೆ ಬಿಡುವು ಕೊಡಿ. ಬ್ಯಾಗ್ ಹೊರುವ ಕ್ಯಾಡಿ ಜೊತೆ ಮಾತಾಡಿ, ಮರ ನೋಡಿ. ಚೆಂಡಿಗೆ ಹತ್ತು ಹೆಜ್ಜೆ ಇದ್ದಾಗ ಗಾಳಿ, ದೂರ, ಚೆಂಡು ಕೂತಿರುವ ರೀತಿಯ ಲೆಕ್ಕ ಶುರುವಾಗಲಿ. ಕ್ಲಬ್ ಬ್ಯಾಗಿಗೆ ಹೋದ ಕೂಡಲೇ ಮುಗಿಯಲಿ. ಮೊಬೈಲ್ ನೋಡುವುದು ಮಾತ್ರ ಬಿಡುವಲ್ಲ. ಆಫೀಸಿನ ಒಂದು ಮೆಸೇಜ್ ಮುಂದಿನ ಎರಡು ಹೋಲ್ ತಿನ್ನುತ್ತದೆ. ಬಾಯಾರುವವರೆಗೆ ಕಾಯದೆ ಪ್ರತಿ ಟೀಯಲ್ಲೂ ಎರಡು ಗುಟುಕು ನೀರು ಕುಡಿಯಿರಿ. ಆರನೇ ಮತ್ತು ಹನ್ನೆರಡನೇ ಹೋಲ್‌ನಲ್ಲಿ ಬಾಳೆಹಣ್ಣೋ ಶೇಂಗಾ ಚಿಕ್ಕಿಯೋ ಇರಲಿ.

ಪ್ರಶ್ನೆ: ಒಂದು ಚೆಂಡು ನೀರಿಗೆ ಬಿದ್ದರೆ ಮುಂದಿನ ನಾಲ್ಕು ಹೋಲ್ ಕೆಡುತ್ತವೆ. ಸಿಟ್ಟು ಇಳಿಯುವುದೇ ಇಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ನೀರಿಗೆ ಬಿದ್ದದ್ದಕ್ಕೆ ದಂಡ ಒಂದೇ ಹೊಡೆತ. ಉಳಿದ ಹೊಡೆತಗಳನ್ನು ಕಳೆಯುವುದು ಆ ಒಂದನ್ನು ಕೂಡಲೇ ವಾಪಸ್ ಪಡೆಯುವ ಹಟ.

1999ರ ಬ್ರಿಟಿಷ್ ಓಪನ್ ನೆನಪಿಸಿಕೊಳ್ಳಿ. ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ಫ್ರಾನ್ಸಿನ ಜೀನ್ ವಾನ್ ಡಿ ವೆಲ್ಡ್ ಕೊನೆಯ ಹೋಲ್‌ಗೆ ಬಂದಾಗ ಮೂರು ಹೊಡೆತ ಮುಂದಿದ್ದರು. ಪಾರ್ 4ರ (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್‌ನಲ್ಲಿ 6 ಹೊಡೆದರೂ ಗೆಲುವು. ಡ್ರೈವರ್‌ನ ಮೊದಲ ಹೊಡೆತ ಬಲಕ್ಕೆ ಹೋಯಿತಾದರೂ ಅಪಾಯವಿರಲಿಲ್ಲ. ಆಗ ಸಣ್ಣ ಹೊಡೆತದಲ್ಲಿ, ಗುಳಿಯಿರುವ ಗ್ರೀನ್‌ನ ಮುಂದಿನ ನೀರಿನ ಹಳ್ಳದ ಈಚೆಗೇ ಚೆಂಡು ಇಟ್ಟಿದ್ದರೆ ಮುಗಿದಿತ್ತು. ಅವರು ದೂರದ ಹೊಡೆತದ 2 ಐರನ್ ಕ್ಲಬ್ ಹಿಡಿದು ಗ್ರೀನ್‌ಗೇ ಹೊಡೆದರು. ಚೆಂಡು ಪ್ರೇಕ್ಷಕರ ಸ್ಟ್ಯಾಂಡಿಗೆ ಬಡಿದು ಹಿಂದಕ್ಕೆ ದಟ್ಟ ರಫ್‌ಗೆ (ಉದ್ದ ಹುಲ್ಲಿನ ಜಾಗ) ಬಿತ್ತು, ಅಲ್ಲಿಂದ ಹಳ್ಳಕ್ಕೆ, ದಂಡದ ನಂತರ ಮರಳು ತುಂಬಿದ ಬಂಕರ್‌ಗೆ. ಕೊನೆಗೆ 7. ಸಮಬಲ ಮುರಿಯುವ ಪ್ಲೇ-ಆಫ್‌ನಲ್ಲಿ ಸ್ಕಾಟ್ಲೆಂಡಿನ ಪಾಲ್ ಲಾರಿ ಗೆದ್ದರು.

ಹಾಗಾಗಿ ಒಂದು ಕಟ್ಟುಪಾಡು ಮಾಡಿಕೊಳ್ಳಿ: ಕೆಟ್ಟ ಹೊಡೆತದ ಮುಂದಿನದು ಕಣ್ಮುಚ್ಚಿ ಹೊಡೆಯಬಲ್ಲ ಹೊಡೆತವೇ ಆಗಿರಬೇಕು. ಮರಗಳ ನಡುವೆ ಇದ್ದರೆ 8 ಐರನ್‌ನಿಂದ ಪಕ್ಕದ ಫೇರ್‌ವೇಗೆ (ಹುಲ್ಲು ಕತ್ತರಿಸಿದ ಹಾದಿ) ತಳ್ಳಿ. ಸಂದಿಯಲ್ಲಿ ತೂರಿಸುವ ಆಸೆ ಬೇಡ. ಸಿಟ್ಟಿಗೆ ಹತ್ತು ಹೆಜ್ಜೆಯ ಅವಕಾಶವಿರಲಿ, ಆಮೇಲೆ ಗ್ಲೋವ್ ಬಿಚ್ಚಿ ಜೇಬಿಗಿಡಿ. ಸ್ಕೋರ್ ಕಾರ್ಡ್‌ನಲ್ಲಿ ಬರೆಯಿರಿ, ಆದರೆ ಮಧ್ಯದಲ್ಲಿ ಮೊತ್ತ ಕೂಡಿಸಬೇಡಿ. ಮೂರು ಮೂರು ಹೋಲ್‌ಗೆ ಗೆರೆ ಎಳೆದು, ಪ್ರತಿ ಗೆರೆಯ ನಂತರ ಹೊಸ ಆಟವೆಂದೇ ಆಡಿ.

ಪ್ರಶ್ನೆ: ಮೂರಡಿಯ ಪಟ್ (ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ತಪ್ಪುತ್ತಿದೆ. ಹತ್ತಡಿಯದೇ ವಾಸಿ ಅನ್ನಿಸುತ್ತದೆ.
– ಓದುಗರು, ಮಂಗಳೂರು

ಉತ್ತರ: ಹತ್ತಡಿಯದು ಬೀಳಲೇಬೇಕು ಎಂಬ ಒತ್ತಡವಿಲ್ಲ, ಅದಕ್ಕೇ ಕೈ ಸಡಿಲ. ಗುಳಿಯ ಅಗಲ 108 ಮಿಲಿಮೀಟರ್, ಚೆಂಡಿನದು 43ರ ಆಸುಪಾಸು, ಜಾಗ ಧಾರಾಳವಾಗಿದೆ. ತಪ್ಪುವುದಕ್ಕೆ ಕಾರಣ ಬಿತ್ತೋ ಇಲ್ಲವೋ ಎಂದು ನೋಡುವ ಆತುರ. ತಲೆ ಏಳುತ್ತದೆ, ಭುಜ ತಿರುಗುತ್ತದೆ, ಪಟರ್ (ಪಟ್ ಮಾಡುವ ಕ್ಲಬ್) ಫೇಸ್ ತೆರೆದುಕೊಳ್ಳುತ್ತದೆ. ಚೆಂಡಿನ ಹಿಂಬದಿಯ ಒಂದು ಬಿಂದುವಿನಲ್ಲಿ ಕಣ್ಣು ನೆಡಿ. ಹೊಡೆದ ಮೇಲೂ ಚೆಂಡು ಇದ್ದ ಹುಲ್ಲನ್ನೇ ನೋಡುತ್ತಿರಿ. ಗುಳಿಯ ಸದ್ದು ಕಿವಿಗೆ ಬೀಳಲಿ. ಹಿಂದಕ್ಕೆ ಎಳೆದಷ್ಟೇ ಪಟರ್ ಮುಂದಕ್ಕೂ ಹೋಗಲಿ, ಮಧ್ಯೆ ನಿಧಾನಿಸಿದರೆ ಗೆರೆ ತಪ್ಪುತ್ತದೆ.

ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ಬಹಳ ದೂರ ಹೊಡೆಯುವವರ ನಡುವೆ 15 ಅಂಡರ್ ಪಾರ್‌ನೊಂದಿಗೆ (ಪಾರ್‌ಗಿಂತ 15 ಹೊಡೆತ ಕಡಿಮೆ) ನಾಲ್ಕನೆಯವರಾದದ್ದು ಪಟರ್ ಬಲದಿಂದಲೇ. ಅಭ್ಯಾಸಕ್ಕೆ ಗುಳಿಯ ಸುತ್ತ ಮೂರಡಿಗೆ ನಾಲ್ಕು ಚೆಂಡು ಇಟ್ಟು, ಸುತ್ತು ಹಾಕುತ್ತಾ ಸತತ ಹನ್ನೆರಡು ಹಾಕಿ. ಒಂದು ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ. ಹತ್ತನೆಯದರ ಹೊತ್ತಿಗೆ ಪಂದ್ಯದ ಒತ್ತಡ ತಾನಾಗಿ ಬರುತ್ತದೆ. ಆಗಲೂ ಉಸಿರು, ನೋಟ, ಹೊಡೆತದ ಕ್ರಮ ಒಂದನೆಯದಕ್ಕಿದ್ದಂತೆಯೇ ಇರಲಿ.