7 ವರ್ಷದ ಮಗನಿಗೆ ಸ್ಟಾರ್ ಚಾರ್ಟ್ ನಾಟಲಿಲ್ಲ, ಇನ್ನು ಕಟ್ಟುನಿಟ್ಟೇ ಅಥವಾ ಔಷಧಿಯೇ?

ಕೂತಲ್ಲಿ ಕೂರದ, ತಂಗಿಗೆ ಹೊಡೆಯುವ 7 ವರ್ಷದ ಮಗ, ಶಾಲೆಯಿಂದ ದಿನಾ ದೂರು, ಎರಡೇ ವಾರಕ್ಕೆ ನೆಲಕಚ್ಚಿದ ಸ್ಟಾರ್ ಚಾರ್ಟ್. ಓದುತ್ತಿದ್ದಂತೆ ನಮ್ಮ ಮನೆಯದೇ ಕಥೆ ಅನ್ನಿಸಿತು. ನಮ್ಮ ಚಾರ್ಟೂ ಹೀಗೇ ನಿಂತುಹೋಗಿತ್ತು, ಕಾರಣವೂ ಅದೇ. ಆ ಕಾರಣ ನಿಮ್ಮ ಪ್ರಶ್ನೆಯ ಒಂದೇ ಸಾಲಿನಲ್ಲಿದೆ: "ವಾರಕ್ಕೆ 20 ಸ್ಟಾರ್ ಬಂದರೆ ಭಾನುವಾರ ಉಡುಗೊರೆ, ತಪ್ಪು ಮಾಡಿದರೆ ಒಂದು ಸ್ಟಾರ್ ಕಡಿತ." ಕಟ್ಟುನಿಟ್ಟು ಹೆಚ್ಚಿಸಬೇಕೋ ಔಷಧಿ ಕೊಡಿಸಬೇಕೋ ಎಂದು ಕೇಳುವ ಮೊದಲು ಈ ಸಾಲನ್ನು ಬಿಡಿಸಿ ನೋಡಬೇಕು.

ತಪ್ಪಿರುವುದು ಆ ಭಾನುವಾರದಲ್ಲಿ. ಗಮನ ನಿಲ್ಲದ, ಚಡಪಡಿಸುವ ತೊಂದರೆ (ಎಡಿಎಚ್‌ಡಿ) ಇರುವ ಮಗುವಿಗೆ ನಿಯಮ ಗೊತ್ತಿಲ್ಲ ಎಂದಲ್ಲ. ಕೇಳಿ ನೋಡಿ, ಗಡಗಡ ಒಪ್ಪಿಸುತ್ತಾನೆ. ಗೊತ್ತಿದ್ದದ್ದು ಬೇಕಾದ ಗಳಿಗೆಯಲ್ಲಿ ಕೈಗೆ ಬರುವುದಿಲ್ಲ, ಅದೇ ಅವನ ತೊಂದರೆ. ದೂರದ ಬಹುಮಾನ ಯಾವ ಮಗುವಿಗಾದರೂ ಸಣ್ಣದಾಗಿಯೇ ಕಾಣುತ್ತದೆ, ಇಂಥ ಮಕ್ಕಳಿಗೆ ಅದು ಬಹಳ ಬೇಗ ಕಾಣದೇ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಶೂ ಹಾಕಿಕೊಳ್ಳುವ ಹೊತ್ತಿಗೆ ಆರು ದಿನದಾಚೆಯ ಉಡುಗೊರೆಗೆ ತೂಕವೇ ಇರುವುದಿಲ್ಲ. ಅದೇ ಶೂವನ್ನು ಎಸೆದರೆ ತಂಗಿ ಕಿರುಚುತ್ತಾಳೆ, ನೀವು ಓಡಿ ಬರುತ್ತೀರಿ, ಮನೆಯವರ ಕಣ್ಣೆಲ್ಲ ಅವನ ಮೇಲೆ. ಇದು ಮೂರು ಸೆಕೆಂಡಿನೊಳಗೆ, ಪ್ರತಿ ಸಲವೂ, ಪೂರ್ತಿ ಜೋರಿನಲ್ಲಿ ಸಿಗುತ್ತದೆ. ಶೂ ಸುಮ್ಮನೆ ಹಾಕಿಕೊಂಡ ದಿನ ಯಾರೂ ತಿರುಗಿ ನೋಡುವುದಿಲ್ಲ, ಏಕೆಂದರೆ ಆಗ ನಿಮಗೆ ಬೇರೆ ಕೆಲಸ ಮುಗಿಸಿಕೊಳ್ಳಲು ಬಿಡುವು ಸಿಕ್ಕಿರುತ್ತದೆ. ಬೈಗುಳವೂ ಗಮನವೇ. ಹೊಗಳಿಕೆ ತಡವಾಗಿ, ಸಪ್ಪೆಯಾಗಿ, ಒಮ್ಮೊಮ್ಮೆ ಮಾತ್ರ ಬರುವ ಮನೆಯಲ್ಲಿ ಬೈಗುಳವೇ ಗೆಲ್ಲುತ್ತದೆ.

ಇದರ ಮೇಲೆ ಕಡಿತ ಬೇರೆ. ಬುಧವಾರದ ಹೊತ್ತಿಗೆ ಅವನ ಲೆಕ್ಕ ಎಷ್ಟು ಇಳಿದಿರುತ್ತದೆಂದರೆ 20 ಮುಟ್ಟುವುದು ಸಾಧ್ಯವೇ ಇಲ್ಲ. ಕಳೆದುಕೊಳ್ಳಲು ಏನೂ ಉಳಿಯದ ಮಗುವಿಗೆ ಗುರುವಾರದಿಂದ ಶನಿವಾರದವರೆಗೆ ಯಾವ ತಡೆಯೂ ಇಲ್ಲ. ಮೊದಲ ವಾರ ಚಾರ್ಟ್ ಹೊಸದಾಗಿದ್ದರಿಂದ ನಡೆದಿರುತ್ತದೆ, ಎರಡನೇ ವಾರ ಆ ಹೊಸತನವೂ ಇಲ್ಲ. ಆಗ ತಂದೆತಾಯಿ "ಇವನಿಗೆ ಬಹುಮಾನ ನಾಟಲ್ಲ" ಎಂದು ತೀರ್ಮಾನಿಸಿ ಶಿಕ್ಷೆಗೆ ಇಳಿಯುತ್ತಾರೆ. ಮಂಗಳವಾರದ ತಪ್ಪಿಗೆ ಭಾನುವಾರದ ಆಟ ರದ್ದು, ಅಂದರೆ ಮತ್ತೆ ಅಷ್ಟೇ ದೂರ. ಹೀಗಾಗಿ ಕಟ್ಟುನಿಟ್ಟು ಹೆಚ್ಚಿಸುವ ಯೋಚನೆಗೆ ನನ್ನ ಒಪ್ಪಿಗೆ ಇಲ್ಲ. ಶಿಕ್ಷೆ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಬೇಗ, ಎಷ್ಟು ತಪ್ಪದೇ ಬರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಚಾರ್ಟ್ ಮತ್ತೆ ತೂಗುಹಾಕುವ ಮೊದಲು ಒಂದೆರಡು ವಾರ ಬೇರೆ ಕೆಲಸ ಇದೆ. ದಿನಕ್ಕೆ 15 ನಿಮಿಷ, ಅವನು ಆರಿಸಿದ ಆಟ, ನೀವು ಮತ್ತು ಅವನು ಮಾತ್ರ. ಪರದೆ ಬೇಡ, ಸೋಲು ಗೆಲುವಿನ ಆಟವೂ ಬೇಡ. ಆ 15 ನಿಮಿಷ ಪ್ರಶ್ನೆ ಕೇಳಬಾರದು, ಕಲಿಸಬಾರದು, ತಿದ್ದಬಾರದು. ಅವನು ಮಾಡುತ್ತಿರುವುದನ್ನು ಹೇಳುತ್ತಾ ಹೋಗಿ: "ಕೆಂಪು ತುಂಡಿನ ಮೇಲೆ ನೀಲಿ ಇಡ್ತಿದ್ದೀಯ, ಗೋಪುರ ಎತ್ತರ ಆಯ್ತು." ಕೇಳಲು ಸುಲಭ, ಮಾಡಲು ಕಷ್ಟ, ಬಾಯಿ ತಾನಾಗಿ "ಇದೇನು ಬಣ್ಣ?" ಅನ್ನುತ್ತದೆ. ಅವನು ಕಿರಿಕಿರಿ ಮಾಡಿದರೆ ಮುಖ ತಿರುಗಿಸಿ, ಏನಾದರೂ ಎಸೆದರೆ ಆ ದಿನದ ಆಟ ಮುಗಿಸಿ. ಆದರೆ ಬೆಳಿಗ್ಗೆ ಮಾಡಿದ ತಪ್ಪಿಗೆ ಸಂಜೆಯ ಈ 15 ನಿಮಿಷವನ್ನು ಯಾವತ್ತೂ ಕಿತ್ತುಕೊಳ್ಳಬೇಡಿ, ಇದು ಗಳಿಸಿಕೊಳ್ಳುವ ಬಹುಮಾನವಲ್ಲ. ದಿನವಿಡೀ ತಪ್ಪು ತೋರಿಸುವ ಬಾಯಿಯಿಂದ ಬಂದ ಹೊಗಳಿಕೆಗೆ ಮಗುವಿನಲ್ಲಿ ಬೆಲೆ ಇರುವುದಿಲ್ಲ, ಆ ಬೆಲೆ ಮರಳಿ ಬರುವುದು ಇಲ್ಲಿ.

ಆಮೇಲೆ ಹೇಳುವ ರೀತಿ. ಕೋಣೆಯ ಆಚೆಯಿಂದ ಕೂಗಿ ಹೇಳಿದ್ದು ಇಂಥ ಮಗುವಿನ ಮಟ್ಟಿಗೆ ಹೇಳಿದಂತೆಯೇ ಅಲ್ಲ. ಕೈಗೆಟಕುವಷ್ಟು ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಕಣ್ಣು ಸಿಕ್ಕ ಮೇಲೆ ಒಂದೇ ಕೆಲಸ ಹೇಳಿ. "ಹೋಮ್‌ವರ್ಕ್ ಮಾಡ್ತೀಯಾ?" ಎಂದರೆ "ಇಲ್ಲ" ಎನ್ನಲು ನೀವೇ ದಾರಿ ಬಿಟ್ಟಂತೆ. "ಓಡಬೇಡ" ಎಂದರೆ ಏನು ಮಾಡಬೇಕೆಂದು ಹೇಳಿದಂತಾಗಲಿಲ್ಲ, "ನನ್ನ ಪಕ್ಕ ನಡಿ" ಅನ್ನಿ. ಹೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಹೆಚ್ಚಿನವರು ಎರಡು ಸೆಕೆಂಡಿಗೇ ಮತ್ತೆ ಹೇಳುತ್ತಾರೆ, ಆ ಮಾತು ಮೊದಲನೆಯದನ್ನು ಅಳಿಸಿಹಾಕುತ್ತದೆ. ಮಾಡಿದನೋ, ತಕ್ಷಣ ಮಾಡಿದ್ದರ ಹೆಸರು ಹೇಳಿ ಹೊಗಳಿ: "ಹೇಳಿದ ಕೂಡಲೇ ಪುಸ್ತಕ ತೆಗೆದೆ, ಚೆನ್ನಾಗಿತ್ತು." ಬರೀ "ಗುಡ್ ಬಾಯ್" ಎಂದರೆ ಯಾವುದಕ್ಕೆ ಎಂದು ಅವನಿಗೆ ಗೊತ್ತಾಗುವುದಿಲ್ಲ. ಮಾಡಲಿಲ್ಲವೋ, ಒಂದೇ ಸಲ ಎಚ್ಚರಿಕೆ, ಮತ್ತೆ ಐದು ಎಣಿಕೆ, ಆಮೇಲೆ ಪರಿಣಾಮ. ಐದನೇ ಸಲ ಕಿರುಚಿದಾಗ ಮಾತ್ರ ಏನಾದರೂ ಆಗುವ ಮನೆಯಲ್ಲಿ ಮಗು ಐದನೇ ಕೂಗಿಗೇ ಕಾಯಲು ಕಲಿಯುತ್ತದೆ.

ಈಗ ಚಾರ್ಟ್, ಅಥವಾ ಅದಕ್ಕಿಂತ ಒಳ್ಳೆಯದು, ಕೈಯಲ್ಲಿ ಹಿಡಿಯಬಹುದಾದ ಬಿಲ್ಲೆ ಮತ್ತು ಒಂದು ಪಾರದರ್ಶಕ ಡಬ್ಬಿ. "ಒಳ್ಳೆಯವನಾಗಿರುವುದು" ಎಂಬಂಥ ಸಾಲುಗಳು ಬೇಡ. ಕಣ್ಣಿಗೆ ಕಾಣುವ, ಆಯ್ತು-ಇಲ್ಲ ಎಂದು ಹೇಳಬಹುದಾದ ಮೂರು ನಾಲ್ಕು ಕೆಲಸ ಸಾಕು: ಒಂದು ಅವನು ಈಗಾಗಲೇ ಹೆಚ್ಚುಕಮ್ಮಿ ದಿನಾ ಮಾಡುವಂಥದ್ದು, ಒಂದೆರಡು, ಎರಡು ದಿನಕ್ಕೊಮ್ಮೆ ಮಾಡುವಂಥವು, ಒಂದು ನಿಜವಾಗಿ ಕಷ್ಟದ್ದು. ಮೊದಲ ದಿನವೇ ಗಳಿಕೆ ಆಗಬೇಕು. ಕೆಲಸ ಮುಗಿದ ಐದು ಸೆಕೆಂಡಿನೊಳಗೆ ಬಿಲ್ಲೆ ಅವನ ಕೈಯಲ್ಲಿರಲಿ, ಅದಕ್ಕಾಗಿ ನಿಮ್ಮ ಜೇಬಿನಲ್ಲಿ ಸದಾ ನಾಲ್ಕಾರು ಇಟ್ಟುಕೊಂಡಿರಿ. ಅದೇ ಸಂಜೆ ವಿನಿಮಯ. ದಿನಕ್ಕೆ ಸುಮಾರು ಆರು ಬಿಲ್ಲೆ ಗಳಿಸುವ ಅಂದಾಜಿದ್ದರೆ ನಾಲ್ಕಕ್ಕೆ ಸಿಗುವ ಸಣ್ಣ ಬಹುಮಾನಗಳಿರಲಿ, ಉಳಿದದ್ದು ದೊಡ್ಡದಕ್ಕೆ ಕೂಡಿಡಲು. ಕೊಳ್ಳುವ ವಸ್ತುಗಳೇ ಬೇಕಿಲ್ಲ. ಮಲಗುವಾಗ ಇನ್ನೊಂದು ಕಥೆ, ಹತ್ತು ನಿಮಿಷ ನಿಮ್ಮೊಂದಿಗೆ ಚೆಂಡಾಟ, ನಾಳೆ ಏನು ತಿನ್ನಬೇಕೆಂದು ಆರಿಸುವ ಹಕ್ಕು. ಪಟ್ಟಿಯಲ್ಲಿ ಎಂಟು ಹತ್ತು ಇರಲಿ, ಎರಡು ವಾರಕ್ಕೊಮ್ಮೆ ಕೆಲವನ್ನು ಬದಲಾಯಿಸಿ, ಇಲ್ಲದಿದ್ದರೆ ಬೇಸರ ಬಂದೇ ಬರುತ್ತದೆ.

ಮೊದಲ ಎರಡು ವಾರ ಒಂದು ಬಿಲ್ಲೆಯನ್ನೂ ಕಡಿತ ಮಾಡಬೇಡಿ. ಆಮೇಲೆ ಬೇಕಿದ್ದರೆ ಒಂದೇ ಒಂದು ವರ್ತನೆಗೆ ಮಾತ್ರ. ಡಬ್ಬಿ ಖಾಲಿಯಾದರೆ ಕಡಿತ ಅಲ್ಲಿಗೇ ನಿಲ್ಲಬೇಕು, ಸಾಲದ ಲೆಕ್ಕ ಬರೆಯಬಾರದು.

ತಂಗಿಗೆ ಹೊಡೆದರೆ ಟೈಮ್‌ಔಟ್, ಅಂದರೆ ಸ್ವಲ್ಪ ಹೊತ್ತು ಎಲ್ಲರಿಂದ ಬೇರೆ ಕೂರಿಸುವುದು, ಇರಲಿ. ಮೂರರಿಂದ ಐದು ನಿಮಿಷ ಸಾಕು, ಬೇಸರದ ಜಾಗದಲ್ಲಿ ಕುರ್ಚಿ, ಕೊನೆಯ ಅರ್ಧ ನಿಮಿಷ ಸದ್ದಿಲ್ಲದೆ ಕೂತ ಮೇಲೆ ಬಿಡುಗಡೆ, ನಡುವೆ ಉಪದೇಶ ಬೇಡ. ಆದರೆ ಹೋಮ್‌ವರ್ಕ್ ಮಾಡಲ್ಲ ಎಂದವನನ್ನು ಟೈಮ್‌ಔಟಿಗೆ ಕಳಿಸಿ ಅಲ್ಲಿಗೇ ಬಿಟ್ಟರೆ ಅವನಿಗೆ ಬೇಕಾದದ್ದೇ ಸಿಕ್ಕಂತೆ. ಕುರ್ಚಿಯಿಂದ ಎದ್ದ ಕೂಡಲೇ ಅದೇ ಕೆಲಸ ಮತ್ತೆ ಅವನ ಮುಂದಿರಬೇಕು. ಇನ್ನು ರಗಳೆ, ರಾಗ ಎಳೆಯುವುದು, ಇವನ್ನು ಕಡೆಗಣಿಸಬಹುದು. ಆದರೆ ಕಡೆಗಣಿಸಲು ಶುರು ಮಾಡಿದ ಮೊದಲ ಕೆಲವು ದಿನ ಅದು ಕಡಿಮೆಯಾಗದೆ ಜೋರಾಗುತ್ತದೆ. ಹಿಂದೆ ಫಲ ಕೊಟ್ಟಿದ್ದನ್ನು ಮಗು ಹೆಚ್ಚು ಬಲದಿಂದ ಪ್ರಯತ್ನಿಸಿ ನೋಡುತ್ತದೆ, ಅಷ್ಟೇ. ಮೂರನೇ ದಿನ ಸೋತು ಕೊಟ್ಟುಬಿಟ್ಟರೆ ಇನ್ನೂ ಹೆಚ್ಚು ಹೊತ್ತು ಅಳಬೇಕು ಎಂದು ನೀವೇ ಕಲಿಸಿದಂತೆ. ಕೊನೆತನಕ ನಿಲ್ಲುವ ಶಕ್ತಿ ಈ ವಾರ ಇಲ್ಲದಿದ್ದರೆ ಈ ವಾರ ಶುರು ಮಾಡಲೇಬೇಡಿ.

ಶಾಲೆಯ ದೂರಿನಲ್ಲೂ ಅದೇ ದೂರದ ಸಮಸ್ಯೆ. ಬೆಳಿಗ್ಗೆ ಹತ್ತಕ್ಕೆ ಆದದ್ದನ್ನು ಸಂಜೆ ಕೇಳಿ ಬೈದರೆ ಅವನ ಪಾಲಿಗೆ ಅದು ಎಲ್ಲಿಂದಲೋ ಬಂದ ಬೈಗುಳ. ಟೀಚರ್ ಜೊತೆ ಕೂತು ದಿನದ ಕಾರ್ಡ್ ಒಂದು ಮಾಡಿಕೊಳ್ಳಿ. ಮೂರು ಗುರಿ ಸಾಕು, ಪ್ರತಿ ಪೀರಿಯಡ್‌ಗೆ ಒಂದು ಸರಿ ಅಥವಾ ತಪ್ಪು ಗುರುತು. ಟೀಚರಿಗೆ ಒಟ್ಟು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಕಾರ್ಡ್ ಉಳಿಯುವುದಿಲ್ಲ, ಅವರಿಗೆ ಇಡೀ ತರಗತಿ ಇದೆ. ಗುರಿ ಇಡುವ ಮೊದಲು ಐದು ಶಾಲಾದಿನ ಸುಮ್ಮನೆ ಎಣಿಸಲಿ. ಒಂದು ಪೀರಿಯಡ್‌ನಲ್ಲಿ ಎಂಟು ಸಲ ಎದ್ದು ಓಡಾಡುವವನಿಗೆ "ಎದ್ದೇಳಬಾರದು" ಎಂಬ ಗುರಿ ಇಟ್ಟರೆ ಮೊದಲ ಹತ್ತು ನಿಮಿಷಕ್ಕೇ ಸೋಲು. "ಆರು ಸಲಕ್ಕಿಂತ ಹೆಚ್ಚಿಲ್ಲ" ಎಂದಿಡಿ, ಹೆಚ್ಚಿನ ದಿನ ಗೆಲ್ಲತೊಡಗಿದ ಮೇಲೆ ಐದಕ್ಕೆ ಇಳಿಸಿ. ಬಹುಮಾನ ಮನೆಯಲ್ಲಿ, ಅದೇ ದಿನ. ಕಾರ್ಡ್ ಕೆಟ್ಟ ದಿನ ಬಹುಮಾನ ಇಲ್ಲ, ಬೈಗುಳವೂ ಇಲ್ಲ. ಬೈದರೆ ಕಾರ್ಡ್ ದಾರಿಯಲ್ಲೇ ಕಳೆದುಹೋಗಲು ಶುರುವಾಗುತ್ತದೆ. ಜೊತೆಗೆ ಕಿಟಕಿ ಬಾಗಿಲಿನಿಂದ ದೂರ, ಟೀಚರ್ ಹತ್ತಿರ ಜಾಗ ಕೇಳಿ.

ಇನ್ನೊಂದು ಮಾತು, ಇದು ನಿಮ್ಮ ನಿರೀಕ್ಷೆಯನ್ನೇ ಬದಲಿಸಬಹುದು. ಇಂಥ ಮಕ್ಕಳು ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳುವುದರಲ್ಲಿ ವಯಸ್ಸಿಗಿಂತ ಸುಮಾರು 30 ಪ್ರತಿಶತ ಹಿಂದಿರುತ್ತಾರೆ ಎಂಬುದು ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಹೇಳುವ ಸ್ಥೂಲ ಲೆಕ್ಕ. ಅಂದರೆ ಬುದ್ಧಿಯಲ್ಲಿ 7 ಆದರೂ ತಾಳ್ಮೆಯಲ್ಲಿ 5. ಐದು ವರ್ಷದವನನ್ನು ಒಂದು ಗಂಟೆ ಹೋಮ್‌ವರ್ಕಿಗೆ ಕೂರಿಸುತ್ತೀರಾ? ಹತ್ತು ನಿಮಿಷ ಕೆಲಸ, ಮೂರು ನಿಮಿಷ ಮೈ ಆಡಿಸಲು ಬಿಡುವು, ಕಣ್ಣಿಗೆ ಕಾಣುವ ಟೈಮರ್, ಸಾಕು.

ಇವೆಲ್ಲಕ್ಕಿಂತ ಮೊದಲು ಡಾಕ್ಟರರ ಬಳಿ ಆಗಬೇಕಾದದ್ದೂ ಇದೆ. ಎಡಿಎಚ್‌ಡಿ ಎನ್ನಲು ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಪ್ರಕಾರ ಗಮನ ಅಥವಾ ಚಡಪಡಿಕೆಯ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಆರು, ಕನಿಷ್ಠ 6 ತಿಂಗಳಿಂದ ಇರಬೇಕು. ಕೆಲವಾದರೂ ಲಕ್ಷಣಗಳು 12 ವರ್ಷಕ್ಕಿಂತ ಮೊದಲೇ ಶುರುವಾಗಿ, ಮನೆ ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಬರೀ ಶಾಲೆಯಲ್ಲಿ ಮಾತ್ರ ಗಲಾಟೆ ಎಂದಾದರೆ ಮೊದಲು ಓದು ಬರಹದ ತೊಂದರೆ, ಕಣ್ಣು, ಕಿವಿ ಪರೀಕ್ಷಿಸಿ. ರಾತ್ರಿ ಗೊರಕೆ ಹೊಡೆಯುತ್ತಾನೆಂದರೆ ಅದನ್ನೂ ಹೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವ ಮಕ್ಕಳು ಹಗಲು ಹೀಗೇ ಇರಬಹುದು. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಮಾತಿನ ನಡುವೆ ಹಠಾತ್ತನೆ ಕೆಲವು ಸೆಕೆಂಡು ಶೂನ್ಯ ನೋಟ, ಮುಟ್ಟಿದರೂ ಎಚ್ಚರವಿಲ್ಲ, ಆಮೇಲೆ ಏನೂ ಆಗದವನಂತೆ ಮುಂದುವರಿದರೆ ಅದು ಫಿಟ್ಸ್‌ನ ಒಂದು ಬಗೆ ಇರಬಹುದು, ಕಾಯಬೇಡಿ. ಸಕ್ಕರೆ ಬಿಡಿಸಿ ನೋಡುವ ಶ್ರಮ ಈ ವಿಷಯಕ್ಕೆ ಬೇಡ. ಸಕ್ಕರೆಯಿಂದ ಮಕ್ಕಳ ವರ್ತನೆ ಕೆಡುವುದಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 1995ರ ವಿಶ್ಲೇಷಣೆ ತೋರಿಸಿತ್ತು.

ಕೊನೆಗೆ ಔಷಧಿ. ಎಲ್ಲ ಸೋತ ಮೇಲೆ ಔಷಧಿ ಎಂಬ ನಿಮ್ಮ ಲೆಕ್ಕ ಸರಿಯಲ್ಲ. ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2019ರ ಮಾರ್ಗಸೂಚಿ 6 ವರ್ಷ ತುಂಬುವವರೆಗೆ ಮೊದಲು ತಂದೆತಾಯಿಗೆ ವರ್ತನೆ ನಿಭಾಯಿಸುವ ತರಬೇತಿ ಎನ್ನುತ್ತದೆ, 6 ದಾಟಿದ ಮೇಲೆ ಔಷಧಿ ಮತ್ತು ವರ್ತನೆಯ ಕೆಲಸ ಎರಡೂ ಜೊತೆಗೆ ಎನ್ನುತ್ತದೆ. 1999ರಲ್ಲಿ ಪ್ರಕಟವಾದ, ಎಡಿಎಚ್‌ಡಿಯ ಚಿಕಿತ್ಸೆಗಳನ್ನು ಹೋಲಿಸಿದ 579 ಮಕ್ಕಳ ಎಂಟಿಎ ಅಧ್ಯಯನದಲ್ಲಿ ಗಮನ ಮತ್ತು ಚಡಪಡಿಕೆಯ ಮಟ್ಟಿಗೆ ಎಚ್ಚರಿಕೆಯಿಂದ ಕೊಟ್ಟ ಔಷಧಿ ಬರೀ ವರ್ತನೆಯ ಚಿಕಿತ್ಸೆಗಿಂತ ಹೆಚ್ಚು ಫಲ ಕೊಟ್ಟಿತು, ಎರಡೂ ಸಿಕ್ಕ ಮಕ್ಕಳಿಗೆ ಕಡಿಮೆ ಪ್ರಮಾಣದ ಔಷಧಿ ಸಾಕಾಯಿತು. ಡಾಕ್ಟರ್ ಎಡಿಎಚ್‌ಡಿಗೆ ಸಾಮಾನ್ಯವಾಗಿ ಕೊಡುವ ಮಿಥೈಲ್‌ಫೆನಿಡೇಟ್ ಸೂಚಿಸಿದರೆ ಮನೆತನದಲ್ಲಿ ಹೃದಯದ ಕಾಯಿಲೆ ಇದ್ದರೆ ಮೊದಲೇ ಹೇಳಿ. ಹಸಿವು, ನಿದ್ದೆ, ಎತ್ತರ, ತೂಕ, ರಕ್ತದೊತ್ತಡ, ನಾಡಿ, ಇವನ್ನು ಅವರು ನೋಡುತ್ತಲೇ ಇರಬೇಕು. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಬೆಳಿಗ್ಗೆ ಕೊಟ್ಟದ್ದು ಸಂಜೆಯ ಹೋಮ್‌ವರ್ಕ್ ವೇಳೆಗೆ ಇಳಿದಿರುತ್ತದೆ, ಆಗ ಮತ್ತೆ ಬಹುಮಾನದ ಬಿಲ್ಲೆಯೇ ಗತಿ. ಟೀಚರ್ ಗುರುತು ಹಾಕಿದ ಕಾರ್ಡುಗಳನ್ನು, ಮಾತ್ರೆ ಶುರುವಾಗುವ ಹಿಂದಿನ ವಾರಗಳವನ್ನೂ ಸೇರಿಸಿ, ಎತ್ತಿಟ್ಟುಕೊಂಡು ಪ್ರತಿ ಭೇಟಿಗೂ ಒಯ್ಯಿರಿ. ಪ್ರಮಾಣ ಏರಿಸಬೇಕೋ ಬದಲಿಸಬೇಕೋ ಎಂದು ತೀರ್ಮಾನಿಸುವಾಗ "ಸ್ವಲ್ಪ ಪರವಾಗಿಲ್ಲ ಡಾಕ್ಟ್ರೇ" ಎಂಬ ಮಾತಿಗಿಂತ ಅವು ಹೆಚ್ಚು ಕೆಲಸಕ್ಕೆ ಬರುತ್ತವೆ.