ಸಂಪಾದಕರ ಉತ್ತರ: ‘ಬ್ಲ್ಯಾಕ್ ಸಬ್ಬತ್’ನ ಮೂರು ಸ್ವರ, ನಡುವಿನ ಬಿಡುವು

ಓದುಗರ ಪತ್ರ: ‘ಹೆವಿ ಮೆಟಲ್ ಹುಟ್ಟಿದ್ದೇ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಮ್‌ನಿಂದ ಅಂತ ನಿಮ್ಮ ಪತ್ರಿಕೆಯೂ ಸೇರಿ ಎಲ್ಲರೂ ಬರೆಯುತ್ತೀರಿ. ಫೋನಿನಲ್ಲಿ ಎರಡು ಸಲ ಕೇಳಿದೆ. ನಿಧಾನ, ಸಪ್ಪೆ, ಖಾಲಿ ಖಾಲಿ. ಈಗಿನ ಯಾವ ಬ್ಯಾಂಡಾದರೂ ಇದರ ಹತ್ತರಷ್ಟು ಭಾರವಾಗಿದೆ. ಅಭಿಮಾನಿಗಳು ಕೇಳುತ್ತಿರುವುದು ಸಂಗೀತವನ್ನೋ, ಹಳೆಯ ನೆನಪನ್ನೋ? ಗಿಟಾರನ್ನು ಸಿ ಶಾರ್ಪ್‌ಗೆ ಇಳಿಸಿ ಮೊದಲ ಹಾಡಿನ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಸ್ವರತುಣುಕು) ನುಡಿಸಿದರೆ ರೆಕಾರ್ಡಿಗೆ ಹೊಂದುವುದೇ ಇಲ್ಲ. ಇನ್ನೊಂದು: ಕೆಲವು ಪ್ರತಿಗಳಲ್ಲಿ ಏಳು ಹಾಡು, ಕೆಲವದರಲ್ಲಿ ಎಂಟು. ಯಾವುದು ಸರಿ?’

ಪ್ರಿಯ ಓದುಗರೇ,

ಗಿಟಾರಿನ ತೊಂದರೆಯನ್ನೇ ಮೊದಲು ಬಿಡಿಸೋಣ. ಆ ಗಂಟು ಬಿಚ್ಚಿದರೆ ‘ಸಪ್ಪೆ’ ಎಂಬ ದೂರೂ ಅರ್ಧ ಸಡಿಲವಾಗುತ್ತದೆ.

ಈ ಆಲ್ಬಮ್‌ನಲ್ಲಿ ಗಿಟಾರನ್ನು ಇಳಿಸಿಯೇ ಇಲ್ಲ. ಇ, ಎ, ಡಿ, ಜಿ, ಬಿ, ಇ: ಯಾರೇ ಆದರೂ ಮೊದಲ ದಿನ ಕಲಿಯುವ ಮಾಮೂಲಿ ಶ್ರುತಿ. ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ತಂತಿಗಳನ್ನು ಮೂರು ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅತಿ ಚಿಕ್ಕ ಅಂತರ) ಸಡಿಲಿಸಿ ಸಿ ಶಾರ್ಪ್‌ಗೆ ತಂದದ್ದು 1971ರಲ್ಲಿ ಬಂದ ಮೂರನೇ ಆಲ್ಬಮ್ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ. ಆಮೇಲಿನ ವರ್ಷಗಳ ವೇದಿಕೆ ಕಾರ್ಯಕ್ರಮಗಳಲ್ಲಿ ಹಳೆಯ ಹಾಡುಗಳನ್ನೂ ಇಳಿಸಿದ ಶ್ರುತಿಯಲ್ಲಿ ನುಡಿಸಿದ್ದುಂಟು. ನಿಮಗೆ ಸಿಕ್ಕ ಟ್ಯಾಬ್ (ಬೆರಳಿಡುವ ಜಾಗ ತೋರಿಸುವ ಬರಹ) ಅಂಥ ಲೈವ್ ರೆಕಾರ್ಡಿಂಗ್ ಕೇಳಿ ಬರೆದದ್ದಿರಬೇಕು. 1970ರ ಸ್ಟುಡಿಯೊ ಪ್ರತಿಯ ಜೊತೆ ನುಡಿಸಿದರೆ ಅದು ಮೂರು ಸೆಮಿಟೋನ್ ಕೆಳಗೇ ಉಳಿಯುತ್ತದೆ, ಎಷ್ಟು ಹೆಣಗಿದರೂ ಹೊಂದದು.

‘ಬೆರಳು ತುಂಡಾಯಿತು, ಅದಕ್ಕೇ ತಂತಿ ಸಡಿಲಿಸಿದ, ಮೆಟಲ್ ಹುಟ್ಟಿತು’ ಎಂಬ ಬಾಯಿಮಾತಿನ ಕತೆಯೂ ಈ ಗೊಂದಲಕ್ಕೆ ಇಂಬು ಕೊಟ್ಟಿದೆ. ಅಪಘಾತವೇನೋ ನಿಜ. ಬರ್ಮಿಂಗ್‌ಹ್ಯಾಮ್‌ನ ಲೋಹದ ತಗಡಿನ ಕಾರ್ಖಾನೆಯಲ್ಲಿ, 17ನೇ ವಯಸ್ಸಿನಲ್ಲಿ, ಅಯೋಮಿಯವರ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಹೋದವು. ಅವರು ಎಡಚರಾದ್ದರಿಂದ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಯ ಮನೆ) ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಜಾರದಂತೆ ಮೇಲೆ ಚರ್ಮ ಅಂಟಿಸಿದರು. ಆದರೆ ಮೊದಲ ಆಲ್ಬಮ್ ಹೊತ್ತಿಗೆ ಅವರು ಹಿಡಿದಿದ್ದ ದಾರಿ ಶ್ರುತಿ ಇಳಿಸುವುದಲ್ಲ, ತೆಳು ತಂತಿ ಹಾಕುವುದು. ಆರಂಭದ ದಿನಗಳಲ್ಲಿ ಬ್ಯಾಂಜೊ ತಂತಿಯನ್ನೂ ಬಳಸಿದ್ದಾರೆ. ಚರ್ಮದ ಟೊಪ್ಪಿಗೆಯ ಕೆಳಗೆ ತಂತಿ ಎಲ್ಲಿದೆ ಎಂದು ಬೆರಳಿಗೆ ತಿಳಿಯದು, ಕಿವಿಯೇ ಹೇಳಬೇಕು. ಸ್ವರಗಳ ರಾಶಿ ಸುರಿಯುವ ಬದಲು ಎರಡು ಮೂರನ್ನು ಆಯ್ದು ಅವುಗಳ ಮೇಲೆ ನಿಂತು ಅಲುಗಿಸುವ ಅವರ ಚಾಳಿಗೆ ಇದೂ ಒಂದು ಕಾರಣ ಎಂಬುದು ನಮ್ಮ ಎಣಿಕೆ.

ಈಗ ಆಲ್ಬಮ್‌ನ ಹೆಸರನ್ನೇ ಹೊತ್ತ ಮೊದಲ ಹಾಡು ‘ಬ್ಲ್ಯಾಕ್ ಸಬ್ಬತ್’ನ ರಿಫ್. ಮೂರೇ ಸ್ವರ: ಜಿ, ಒಂದು ಸ್ಥಾಯಿ ಮೇಲಿನ ಜಿ, ಅಲ್ಲಿಂದ ಇಳಿದು ಸಿ ಶಾರ್ಪ್. ಕೆಳಗಿನ ಜಿಯನ್ನು ಷಡ್ಜ ಅಂದುಕೊಳ್ಳಿ. ಸ, ಮೇಲಿನ ಸ, ಪ್ರತಿಮಧ್ಯಮ. ಲೆಕ್ಕ ಹಾಕಿದರೆ ಸಿ ಶಾರ್ಪ್ ಕೆಳಗಿನ ಜಿಯಿಂದ ಆರು ಸೆಮಿಟೋನ್ ಮೇಲಿದೆ, ಮೇಲಿನ ಜಿಯಿಂದ ಆರು ಸೆಮಿಟೋನ್ ಕೆಳಗಿದೆ. 12 ಸೆಮಿಟೋನ್‌ಗಳ ಸ್ಥಾಯಿಯನ್ನು ಸರೀ ಎರಡು ಹೋಳು ಮಾಡುವ ಜಾಗ ಅದು, ಎರಡು ದಡಕ್ಕೂ ಒಂದೇ ದೂರ. ಸಾಲದ್ದಕ್ಕೆ ಮೊದಲ ಪೆಟ್ಟು ಒಂಟಿ ಜಿ ಅಲ್ಲ, ಜಿ ಮತ್ತು ಡಿ ಸೇರಿದ ಪವರ್ ಕಾರ್ಡ್. ಅಂದರೆ ಪಂಚಮ ಆಗಲೇ ಕಿವಿಯಲ್ಲಿ ಕೂತಾಗಿದೆ. ಅದರ ಪಕ್ಕದ ಮನೆಯಲ್ಲೇ ಪ್ರತಿಮಧ್ಯಮ ಬಂದು ನಿಲ್ಲುತ್ತದೆ, ಡಿಯನ್ನು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತದೆ. ಪಂಚಮಕ್ಕೆ ಹೋಗಿ ಸೇರಬೇಕು ಎಂದು ಕಿವಿ ಕಾಯುತ್ತಿದ್ದರೆ, ಸೇರುವ ಬದಲು ಮತ್ತೆ ಕೆಳಗಿನ ಜಿ ಬಂದು ಬೀಳುತ್ತದೆ. ಭಯ ಇರುವುದು ಆ ಕಾಯುವಿಕೆಯಲ್ಲಿ. (ಈ ಅಂತರವನ್ನು ‘ಸೈತಾನನ ಸ್ವರ’ ಎಂದು ಚರ್ಚ್ ನಿಷೇಧಿಸಿತ್ತು ಅಂತ ಪ್ರತಿ ಲೇಖನದಲ್ಲೂ ಬರುತ್ತದೆ. ಹೆಸರು ಹಳೆಯದೇ, ನಿಷೇಧಕ್ಕೆ ಮಾತ್ರ ಆಧಾರವಿಲ್ಲ. ಬಾಸ್ ವಾದಕ ಗೀಜರ್ ಬಟ್ಲರ್ ಹೋಲ್ಸ್ಟ್ ಎಂಬ ಸಂಯೋಜಕನ ‘ಮಾರ್ಸ್’ ಕೃತಿಯ ತುಣುಕನ್ನು ನುಡಿಸುತ್ತಿದ್ದುದೇ ಈ ರಿಫ್‌ಗೆ ದಾರಿಯಾಯಿತು.)

ನುಡಿಸುವುದಕ್ಕೆ ಕೈ ಸರಿಸುವ ಅಗತ್ಯವೇ ಇಲ್ಲ. ತೋರುಬೆರಳು 6ನೇ ತಂತಿಯ 3ನೇ ಫ್ರೆಟ್, ಉಂಗುರ ಬೆರಳು 5ನೇ ತಂತಿಯ 5, ಕಿರುಬೆರಳು 4ನೇ ತಂತಿಯ 5. ದಪ್ಪ ತಂತಿ ಎರಡನ್ನು ಮೊದಲು ಹೊಡೆಯಿರಿ, ಆಮೇಲೆ 4ನೇ ತಂತಿ ಒಂದನ್ನೇ. ಸಿ ಶಾರ್ಪ್ ಇರುವುದು 5ನೇ ತಂತಿಯ 4ನೇ ಫ್ರೆಟ್‌ನಲ್ಲಿ, ಮಧ್ಯದ ಬೆರಳು ತಾನಾಗಿ ಬೀಳುವ ಜಾಗ. ಉಂಗುರ ಬೆರಳು 5ನೇ ಫ್ರೆಟ್‌ನ ಮೇಲೇ ಕಾದಿರುತ್ತದೆ, ಅದರಿಂದಲೇ ಡಿ ತಟ್ಟಿ ಟ್ರಿಲ್ ಮಾಡಿ, ಅಂದರೆ ಎರಡು ಸ್ವರವನ್ನು ಬೇಗ ಬೇಗ ಅದಲುಬದಲು ಮಾಡಿ. ಎಲ್ಲರೂ ಎಡವುವುದು ಇಲ್ಲಿ: ಸಿ ಶಾರ್ಪ್‌ಗೆ ಬಂದಾಗ ತೋರುಬೆರಳು ಪೂರ್ತಿ ಎತ್ತಿದರೆ 6ನೇ ತಂತಿ ತೆರೆದುಕೊಂಡು ಇ ಗುಂಯ್‌ಗುಡುತ್ತದೆ, ಒತ್ತಿಯೇ ಇಟ್ಟರೆ ಹಳೆಯ ಜಿ ಉಳಿಯುತ್ತದೆ. ಒತ್ತಡ ಬಿಟ್ಟು ತಂತಿಗೆ ಸುಮ್ಮನೆ ತಾಗಿಸಿಡಿ, ಅದೇ ಬಾಯಿ ಮುಚ್ಚಿಸುತ್ತದೆ. ಮೆಟ್ರೊನೋಮ್ 65ರ ಆಸುಪಾಸಿನಲ್ಲಿಟ್ಟು ಅಭ್ಯಾಸ ಮಾಡಿ. ವೇಗ ಕಷ್ಟವಲ್ಲ, ಸಿ ಶಾರ್ಪ್ ಅನ್ನು ಅದರ ಪೂರ್ತಿ ಅವಧಿ ಎಳೆಯುವುದು ಕಷ್ಟ. ಮುಂದಿನ ಜಿಗೆ ಅವಸರಪಟ್ಟರೆ ರಿಫ್ ಸತ್ತಂತೆ.

ಆಂಪ್ (ಗಿಟಾರಿನ ಸದ್ದು ಹಿಗ್ಗಿಸುವ ಯಂತ್ರ) ವಿಷಯದಲ್ಲೂ ಒಂದು ತಪ್ಪು ಸಾಮಾನ್ಯ. ಮೆಟಲ್ ಅಂದಕೂಡಲೇ ಗೇನ್ 10, ಬಾಸ್ 10, ಮಿಡ್ ಸೊನ್ನೆ ಮಾಡುತ್ತಾರೆ. ಅಷ್ಟು ಡಿಸ್ಟಾರ್ಷನ್‌ನಲ್ಲಿ (ಸದ್ದು ಹರಿದು ಒರಟಾಗುವುದು) ಟ್ರಿಲ್‌ನ ಎರಡು ಸ್ವರ ಬೇರೆ ಬೇರೆ ಕೇಳುವುದೇ ಇಲ್ಲ, ರಾಡಿಯಾಗುತ್ತದೆ. ಅಯೋಮಿ ಬಳಸಿದ್ದು ಲೇನಿ ವಾಲ್ವ್ ಆಂಪ್, ಅದರ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಟ್ರೆಬಲ್ ಬೂಸ್ಟರ್. ಜರ್ಮೇನಿಯಂ ಟ್ರಾನ್ಸಿಸ್ಟರಿನ ಆ ಪುಟ್ಟ ಡಬ್ಬಿ ಕೆಳಗಿನ ಗುಡುಗನ್ನು ಕಡಿಮೆ ಮಾಡಿ ಮೇಲಿನ ಭಾಗವನ್ನು ಆಂಪ್‌ಗೆ ನೂಕುತ್ತದೆ. ಆಂಪ್ ಹರಿದರೂ ಸ್ವರದ ಅಂಚು ಉಳಿಯುವುದು ಅದಕ್ಕೇ. ಗಿಟಾರ್ ಗಿಬ್ಸನ್ ಎಸ್‌ಜಿ. ಅದೂ ಆಕಸ್ಮಿಕ: ಧ್ವನಿಮುದ್ರಣಕ್ಕೆ ತಂದಿದ್ದು ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್, ಮೊದಲು ಮುದ್ರಿಸಿದ ಹಾಡಿನ ನಂತರ ಅದರ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಕೈಕೊಟ್ಟಿತು, ಬದಲಿಗೆಂದು ಇಟ್ಟುಕೊಂಡಿದ್ದ ಎಸ್‌ಜಿ ಕೈಗೆ ಬಂತು. ನಿಮ್ಮ ಆಂಪ್‌ನಲ್ಲಿ ಗೇನ್ 5ರಿಂದ 6, ಬಾಸ್ 4, ಮಿಡ್ 7, ಟ್ರೆಬಲ್ 6, ಬ್ರಿಡ್ಜ್ ಪಿಕಪ್ ಎಂದಿಟ್ಟುಕೊಂಡು ಶುರು ಮಾಡಿ, ಆಮೇಲೆ ಕಿವಿ ಹೇಳಿದಂತೆ ತಿರುಗಿಸಿ. ಹಾಡುಗಾರಿಕೆ ಬರುವ ಮೆಲ್ಲನೆಯ ಭಾಗಕ್ಕೆ ಪೆಡಲ್ ತುಳಿದು ಕ್ಲೀನ್ ಚಾನೆಲ್‌ಗೆ ಹಾರಬೇಡಿ. ಗಿಟಾರಿನ ವಾಲ್ಯೂಮ್ ಗುಬುಟನ್ನು 3ಕ್ಕೋ 4ಕ್ಕೋ ಇಳಿಸಿದರೆ ಸಾಕು, ಸದ್ದು ತಿಳಿಯಾಗುತ್ತದೆ, ತಳದಲ್ಲಿ ಸ್ವಲ್ಪ ಒರಟು ಉಳಿಯುತ್ತದೆ.

ತಂತಿ: ಮಾಮೂಲಿ ಶ್ರುತಿಗೆ .009–.042 ಇಂಚು ದಪ್ಪದ ಸೆಟ್ ಧಾರಾಳ. ಅದನ್ನೇ ಇಟ್ಟುಕೊಂಡು ಸಿ ಶಾರ್ಪ್‌ಗೆ ಇಳಿಸಿದ್ದರೆ ತಂತಿ ತೀರಾ ಸಡಿಲವಾಗಿ, ಜೋರಾಗಿ ಹೊಡೆದಾಗ ಸ್ವರ ಮೇಲಕ್ಕೆ ಏರಿ ಆಮೇಲೆ ಕೆಳಗೆ ಬಂದು ಕೂತಿರಬೇಕು. ಹೊಂದುವುದಿಲ್ಲ ಎನಿಸಿದ್ದರಲ್ಲಿ ಇದರ ಪಾಲೂ ಇದೆ.

ಇನ್ನು ಕೇಳುವ ವಿಚಾರ. ರಿಫ್‌ನ ಕೆಳಗಿನ ಜಿ 98 ಹರ್ಟ್ಸ್, ಸಿ ಶಾರ್ಪ್ ಸುಮಾರು 139, ಮೇಲಿನ ಜಿ 196. ಬಾಸ್ ಗಿಟಾರ್ ಅದಕ್ಕೂ ಒಂದು ಸ್ಥಾಯಿ ಕೆಳಗೆ, 49 ಹರ್ಟ್ಸ್‌ನಿಂದ ನುಡಿಯುತ್ತದೆ. ಫೋನಿನ ಪುಟಾಣಿ ಸ್ಪೀಕರಿಗೆ ಈ ಜಾಗ ಎಟಕುವುದಿಲ್ಲ. ಸ್ವರದ ಜೊತೆ ಮೂಡುವ ಮೇಲಿನ ಉಪಸ್ವರಗಳನ್ನು, ಅಂದರೆ ಹಾರ್ಮೋನಿಕ್‌ಗಳನ್ನು ಹಿಡಿದು ‘ಇದು ಜಿ’ ಎಂದು ಕಿವಿ ಊಹಿಸಿಕೊಳ್ಳುತ್ತದೆ, ಎದೆಗೆ ತಟ್ಟಬೇಕಾದದ್ದು ಬರುವುದೇ ಇಲ್ಲ. ಈಗಿನ ಮೆಟಲ್ ಮಿಕ್ಸ್‌ಗಳಲ್ಲಿ ಗಿಟಾರ್ ಪದರದ ಮೇಲೆ ಪದರ, ಡ್ರಮ್‌ನ ಕ್ಲಿಕ್ ಎಲ್ಲವೂ ಮೇಲಿನ ಕಂಪನಗಳಲ್ಲಿ ತುಂಬಿರುವುದರಿಂದ ಫೋನಿನಲ್ಲೂ ದಟ್ಟವಾಗಿ ಕೇಳುತ್ತವೆ. ಸಬ್ಬತ್ ಒಂದು ಗಿಟಾರ್, ಒಂದು ಬಾಸ್, ಒಂದು ಡ್ರಮ್. ಬಾಸ್ ಕಿತ್ತುಕೊಂಡರೆ ಮನೆ ಅರ್ಧ ಬಿದ್ದಂತೆ. ‘ಖಾಲಿ ಖಾಲಿ’ ಎಂದಿರಿ, ತಪ್ಪಿಲ್ಲ, ನಿಮಗೆ ತಲುಪಿದ್ದೇ ಅಷ್ಟು.

ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಹಾಕಿ, ಇಲ್ಲವೇ ದೊಡ್ಡ ಸ್ಪೀಕರ್ ಹುಡುಕಿ. ಶಫಲ್, ಕ್ರಾಸ್‌ಫೇಡ್, ಬಾಸ್ ಬೂಸ್ಟ್, ಸದ್ದು ಹೆಚ್ಚಿಸುವ ಆಯ್ಕೆ ಎಲ್ಲ ಆರಿಸಿ. ಆಲ್ಬಮ್ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ಮಳೆ, ಗುಡುಗು, ದೂರದ ಗಂಟೆಯಿಂದ ಶುರುವಾಗುತ್ತದೆ. ಇದು ಬ್ಯಾಂಡ್ ನುಡಿಸಿದ ಮೇಲೆ ಸೇರಿಸಿದ್ದು. ಮಳೆ ಸರಿಯಾಗಿ ಕೇಳಲಿಲ್ಲವೆಂದು ಅಲ್ಲೇ ವಾಲ್ಯೂಮ್ ಏರಿಸಿದರೆ ರಿಫ್ ಬಡಿದಾಗ ಬೆಚ್ಚಿ ಇಳಿಸುತ್ತೀರಿ, ಆಮೇಲೆ ಮೆಲ್ಲನೆಯ ಭಾಗವೆಲ್ಲ ನೆಲಕಚ್ಚುತ್ತದೆ. ಅದಕ್ಕೇ ಮುಂದೆ ಓಡಿಸಿ ರಿಫ್‌ಗೆ ವಾಲ್ಯೂಮ್ ಹೊಂದಿಸಿ, ಹಿಂದಕ್ಕೆ ಬಂದು ಮೊದಲಿಂದ ಕೇಳಿ. ಮಳೆ ಆಗ ಮೆಲ್ಲಗೇ ಕೇಳುತ್ತದೆ, ಕೇಳಬೇಕಾದ್ದೂ ಹಾಗೆಯೇ.

ಮೊದಲ ಆರ್ಭಟ ಮುಗಿದು ಓಝಿ ಆಸ್ಬೋರ್ನ್ ದನಿ ಬರುವ ಹೊತ್ತಿಗೆ ಗಿಟಾರ್ ಪಿಸುಮಾತಿಗೆ ಇಳಿದಿರುತ್ತದೆ. ಅದೇ ರಿಫ್, ಅದೇ ಸ್ವರ. ಸಾಲು ಸಾಲಿನ ನಡುವಿನ ಖಾಲಿ ಜಾಗದಲ್ಲಿ ಡ್ರಮ್ ವಾದಕ ಬಿಲ್ ವಾರ್ಡ್ ಟಾಮ್ ಎಂಬ ಡ್ರಮ್‌ಗಳ ಮೇಲೆ ಉರುಳಾಡುತ್ತಾರೆ. ಮತ್ತೆ ಆರ್ಭಟ, ಮತ್ತೆ ಪಿಸುಮಾತು. ನಾಲ್ಕೂವರೆ ನಿಮಿಷ ದಾಟಿದ ಮೇಲೆ ಹಾಡು ಇದ್ದಕ್ಕಿದ್ದಂತೆ ಕುದುರೆ ಓಟಕ್ಕೆ ಬೀಳುತ್ತದೆ. ಒಂದೇ ಹಾಡಿನ 6 ನಿಮಿಷ 20 ಸೆಕೆಂಡಿನಲ್ಲಿ ನಿಧಾನಗತಿಯ ಡೂಮ್ ಮೆಟಲ್‌ನವರು ಮೊದಲರ್ಧವನ್ನು ಎತ್ತಿಕೊಂಡರು, ನಾಗಾಲೋಟದವರು ಕೊನೆಯನ್ನು. ಈಗಿನ ಬ್ಯಾಂಡುಗಳು ಹೆಚ್ಚು ಭಾರ ಎನ್ನುವ ನಿಮ್ಮ ಮಾತು ಡಿಸ್ಟಾರ್ಷನ್ ಲೆಕ್ಕದಲ್ಲಿ ಸರಿಯೇ. ಆದರೆ ಅಭಿಮಾನಿಗಳು ಭಾರ ಎನ್ನುತ್ತಿರುವುದು ಆ ಪಿಸುಮಾತಿನಿಂದ ಆರ್ಭಟಕ್ಕಿರುವ ಎತ್ತರವನ್ನು. ಮೊದಲ ಸೆಕೆಂಡಿನಿಂದ ಕೊನೆಯವರೆಗೆ ಒಂದೇ ಗಟ್ಟಿಯಲ್ಲಿ ಕಟ್ಟಿದ ಮಿಕ್ಸ್‌ನಲ್ಲಿ ಬೀಳುವುದಕ್ಕೆ ಎತ್ತರವೇ ಇಲ್ಲ.

ವಾರ್ಡ್ ಬಗ್ಗೆ ಇನ್ನೊಂದು ಮಾತು. ಅವರ ಕೈಯಲ್ಲಿ ಜಾಝ್ ಇದೆ. ಎರಡನೇ ಹಾಡು ‘ದ ವಿಝರ್ಡ್’ನಲ್ಲಿ ಹಾರ್ಮೋನಿಕಾ ಬಿಟ್ಟು ಡ್ರಮ್ ಒಂದನ್ನೇ ಹಿಂಬಾಲಿಸಿ: ಪೆಟ್ಟುಗಳು ಗೆರೆ ಎಳೆದಂತೆ ಬೀಳುವುದಿಲ್ಲ, ತೂಗುತ್ತವೆ. ಈ ಹಾಡುಗಳನ್ನು ಕಂಪ್ಯೂಟರಿನ ಗ್ರಿಡ್‌ಗೆ ಕೂರಿಸಿ ಬೇರೆಯವರು ನುಡಿಸುವ ಎಷ್ಟೋ ಕವರ್‌ಗಳು ಒಣಗಿದಂತೆ ಕೇಳುವುದು ಈ ತೂಗು ಕಳೆದುಹೋಗಿ. ಇಡೀ ಆಲ್ಬಮ್ ಮುದ್ರಣವಾದದ್ದು 1969ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೊದಲ್ಲಿ, ಒಂದೇ ದಿನದಲ್ಲಿ. ನಿರ್ಮಾಪಕ ರಾಜರ್ ಬೇನ್. ಕಾರ್ಯಕ್ರಮ ಕೊಡುವಂತೆ ಎಲ್ಲರೂ ಒಟ್ಟಿಗೆ ನುಡಿಸಿದರು, ಓಝಿ ಪಕ್ಕದ ಬೂತಿನಲ್ಲಿ ಆಗಲೇ ಹಾಡಿದರು. ಲಯ ಅಲ್ಲಲ್ಲಿ ಜಾರುತ್ತದೆ, ನಾಲ್ವರೂ ಒಟ್ಟಿಗೇ ಜಾರುತ್ತಾರೆ.

ಹಾಗೆಂದು ಎಲ್ಲವೂ ಅಪ್ಪಟ ಚಿನ್ನ ಎನ್ನುವ ಅಭಿಮಾನಿಯನ್ನು ನಂಬಬೇಡಿ. ಕೊನೆಯ ‘ವಾರ್ನಿಂಗ್’ ಬೇರೆಯವರ ಹಾಡು, ಹತ್ತು ನಿಮಿಷ ದಾಟುತ್ತದೆ, ಅದರ ಗಿಟಾರ್ ಅಲೆದಾಟದಲ್ಲಿ ಮೂರು ನಿಮಿಷವನ್ನಾದರೂ ಕತ್ತರಿಸಬಹುದಿತ್ತು. ‘ಎನ್.ಐ.ಬಿ.’ಗೆ ಗೂಢಾರ್ಥ ಹುಡುಕುವವರಿಗೆ ಒಂದು ಸಮಾಧಾನ: ವಾರ್ಡ್ ಗಡ್ಡ ಪೆನ್ನಿನ ನಿಬ್‌ನಂತಿತ್ತು, ಅಷ್ಟೇ. 1970ರ ಫೆಬ್ರವರಿ 13, ಶುಕ್ರವಾರ, ಆಲ್ಬಮ್ ಬಿಡುಗಡೆಯಾದಾಗ ವಿಮರ್ಶಕರೂ ಚೆನ್ನಾಗಿಯೇ ಝಾಡಿಸಿದ್ದರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು 8ನೇ ಸ್ಥಾನಕ್ಕೆ, ಅಮೆರಿಕದಲ್ಲಿ 23ಕ್ಕೆ ಏರಿತು. ಆಗ ಕೊಂಡವರಿಗೆ ನೆನಪಿಸಿಕೊಳ್ಳಲು ಹಳೆಯದೇನೂ ಇರಲಿಲ್ಲವಲ್ಲ.

ಏಳೋ ಎಂಟೋ? ಬ್ರಿಟನ್ನಿನ ಮೂಲ ಪ್ರತಿಯಲ್ಲಿ ಏಳು ಹಾಡು, ಎರಡನೇ ಬದಿ ‘ಈವಿಲ್ ವುಮನ್’ನಿಂದ ಶುರು. ಅದೂ ಕ್ರೋ ಎಂಬ ಅಮೆರಿಕನ್ ಬ್ಯಾಂಡಿನ ಹಾಡು, ಸಿಂಗಲ್ ಆಗಿ ಮೊದಲೇ ಬಂದಿತ್ತು. ಅಮೆರಿಕದ ಪ್ರತಿ ಅದನ್ನು ತೆಗೆದು ಬ್ಯಾಂಡಿನದೇ ‘ವಿಕೆಡ್ ವರ್ಲ್ಡ್’ ಹಾಕಿತು. ಆಮೇಲಿನ ಎಷ್ಟೋ ಸಿಡಿಗಳು ಎರಡನ್ನೂ ಸೇರಿಸಿದ್ದರಿಂದ ಎಂಟಾಯಿತು. ಅಮೆರಿಕದ ಪಟ್ಟಿಯಲ್ಲಿ ‘ವಾಸ್ಪ್’, ‘ಬಾಸಿಕಲಿ’, ‘ಎ ಬಿಟ್ ಆಫ್ ಫಿಂಗರ್’ ಎಂದು ಕಂಡರೆ ಹೊಸ ಹಾಡೆಂದು ಹುಡುಕಬೇಡಿ, ಇರುವ ಹಾಡುಗಳ ಮುನ್ನುಡಿಗೇ ಇಟ್ಟ ಹೆಸರುಗಳವು. ನಮ್ಮ ಮಟ್ಟಿಗೆ ‘ವಿಕೆಡ್ ವರ್ಲ್ಡ್’ ಉತ್ತಮ ಹಾಡು, ಆದರೂ ಮೊದಲ ಸಲ ಕೇಳುವಾಗ ಬ್ರಿಟಿಷ್ ಕ್ರಮವನ್ನೇ ಹಿಡಿಯಿರಿ.

ವಿನೈಲ್ ಕೊಳ್ಳುವ ಮನಸ್ಸಿದ್ದರೆ, ಬ್ರಿಟನ್ನಿನ ಮೊದಲ ಪ್ರತಿ ವರ್ಟಿಗೊ ಕಂಪನಿಯದು, ಸಂಖ್ಯೆ ವಿಒ 6. ತೆರೆಯುವ ಮಡಿಕೆಯ ಹೊದಿಕೆ, ಒಂದು ಬದಿಯ ಲೇಬಲ್ ಪೂರ್ತಿ ಕಪ್ಪು ಬಿಳುಪಿನ ಸುಳಿ, ಹಾಡಿನ ಹೆಸರೆಲ್ಲ ಇನ್ನೊಂದು ಬದಿಯಲ್ಲಿ. ಆಮೇಲೆ ಡಬ್ಲ್ಯುಡಬ್ಲ್ಯುಎ ಮತ್ತು ನೆಮ್ಸ್ ಲೇಬಲ್‌ಗಳಲ್ಲೂ ಬಂತು. ಸುಳಿ ಲೇಬಲ್‌ಗೆ ಕೊಡುವ ದುಡ್ಡು ಸಂಗ್ರಹದ ಹುಚ್ಚಿಗೆ, ಕೇಳುವುದಕ್ಕೆ ಒಳ್ಳೆಯ ಮರುಮುದ್ರಣ ಸಾಕು. ಬಳಸಿದ ಪ್ರತಿ ಪರೀಕ್ಷಿಸುವಾಗ ಮೊದಲ ಹಾಡು ಹಾಕಿ ಮೋಸಹೋಗಬೇಡಿ, ಮುಳ್ಳಿನ ಚಟಪಟ ಮಳೆಯ ಸದ್ದಿನಲ್ಲಿ ಅಡಗಿಬಿಡುತ್ತದೆ. ಎರಡನೇ ಬದಿ ತಿರುಗಿಸಿ ‘ಸ್ಲೀಪಿಂಗ್ ವಿಲೇಜ್’ ಆರಂಭಕ್ಕೆ ಮುಳ್ಳಿಡಿ. ಅಲ್ಲಿ ಒಂದು ಅಕೂಸ್ಟಿಕ್ ಗಿಟಾರ್, ಜೊತೆಗೆ ಮೋರ್ಸಿಂಗ್ ತರಹದ ಬಾಯಿವಾದ್ಯ, ಬೇರೇನೂ ಇಲ್ಲ. ಗೀರಿದ್ದರೆ ಅಲ್ಲಿ ಕೇಳಿಯೇ ಕೇಳುತ್ತದೆ.

— ಸಂಪಾದಕ