ಕಾಳು ಕೆದಕಿ ನೋಡುವ ಮಗುವಿಗೆ ಯಾವ ಗಿಡ?

ಪ್ರಶ್ನೆ: ಟೀಚರ್, ನಮಸ್ಕಾರ. ನಾವು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆಯಲ್ಲಿದ್ದೇವೆ. ಬಾಲ್ಕನಿ ಇಲ್ಲ, ಪೂರ್ವಕ್ಕೆ ಒಂದು ಕಿಟಕಿ ಇದೆ. ಆರು ವರ್ಷದ ಮಗ ಗಿಡ ಬೇಕು ಅಂತ ಹಟ ಮಾಡಿದಾಗ ಗುಲಾಬಿ ಗಿಡ ತಂದುಕೊಟ್ಟೆವು. ದಿನಕ್ಕೆ ನಾಲ್ಕು ಸಲ ನೀರು ಹಾಕಿದ. ಮೂರು ವಾರಕ್ಕೆ ಸತ್ತುಹೋಯಿತು. ಅಳುತ್ತಾನೆ ಅಂತ ರಾತ್ರಿ ಅದೇ ಕುಂಡದಲ್ಲಿ ಬೇರೆ ಗುಲಾಬಿ ಇಟ್ಟೆ. ಬೆಳಿಗ್ಗೆ ನೋಡಿದವನೇ "ಇದು ನಂದಲ್ಲ" ಅಂದ. ಈಗ ಗಿಡದ ಹತ್ತಿರವೂ ಹೋಗುವುದಿಲ್ಲ. ಮನೆಯೊಳಗೆ ಅವನೇ ಬೆಳೆಸಬಹುದಾದ ಗಿಡ ಯಾವುದು? ಒಂದು ವರ್ಷದ ಮಗಳೂ ಇದ್ದಾಳೆ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ.
– ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಮಗ "ಇದು ನಂದಲ್ಲ" ಅಂದನಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು ತಾಯಿ. ಆ ಗಿಡದ ಒಂದೊಂದು ಎಲೆಯನ್ನೂ ಅವನು ನೋಡಿಟ್ಟುಕೊಂಡಿದ್ದಾನೆ. ಅಂಥ ಹುಡುಗನಿಗೆ ಗಿಡ ಬೆಳೆಸಲು ಖಂಡಿತ ಬರುತ್ತದೆ. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಮನೆಯೊಳಗೆ ಅದು ಯಾರ ಕೈಯಲ್ಲೂ ಚೆನ್ನಾಗಿರುವುದಿಲ್ಲ.

ಧಾರವಾಡದ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ. ಒಮ್ಮೆ ಎರಡನೇ ತರಗತಿಯ ಮಕ್ಕಳ ಕೈಯಲ್ಲಿ ತೆಂಗಿನ ಚಿಪ್ಪಿನಲ್ಲಿ ಅಲಸಂದೆ ಕಾಳು ಹಾಕಿಸಿದ್ದೆ. ಎಲ್ಲರದೂ ಮೊಳೆಯಿತು, ಒಬ್ಬ ಹುಡುಗಿಯದು ಮಾತ್ರ ಇಲ್ಲ. ನೋಡಿದರೆ, ಅವಳು ದಿನಾ ಬೆಳಿಗ್ಗೆ ಮಣ್ಣು ಕೆದಕಿ ಕಾಳನ್ನು ಹೊರಗೆ ತೆಗೆದು ನೋಡಿ ಮತ್ತೆ ಮುಚ್ಚುತ್ತಿದ್ದಳು. ನಾನು ಗದರಿದೆ. "ಒಳಗ ಏನ್ ಮಾಡಾಕತ್ತೈತಿ ಅಂತ ಗೊತ್ತಾಗಬೇಕಲ್ರೀ ಅಕ್ಕೋರೆ" ಅಂದಳು. ಆ ಮಾತು ನನ್ನನ್ನು ಬಿಡಲಿಲ್ಲ. ಮಣ್ಣಿನೊಳಗೆ ನಡೆಯುವುದನ್ನು ನೋಡದೆ ಕಾಯಿರಿ ಅಂತ ಆ ವಯಸ್ಸಿನವರಿಗೆ ಹೇಳುವುದು ತಪ್ಪು. ಮರುದಿನವೇ ಗಾಜಿನ ಲೋಟ ತೆಗೆದುಕೊಂಡು ಹೋದೆ.

ನೀವೂ ಅಲ್ಲಿಂದಲೇ ಶುರು ಮಾಡಿ. ಒಂದು ಗಾಜಿನ ಲೋಟದ ಒಳಗೋಡೆಗೆ ಒದ್ದೆ ಟಿಶ್ಯೂ ಕಾಗದ ಅಂಟಿಸಿ. ರಾತ್ರಿ ನೆನೆಸಿದ ನಾಲ್ಕು ಅಲಸಂದೆ, ನಾಲ್ಕು ಹೆಸರುಕಾಳನ್ನು ಗಾಜಿಗೂ ಕಾಗದಕ್ಕೂ ನಡುವೆ ಸಿಕ್ಕಿಸಿ. ತಳದಲ್ಲಿ ಒಂದು ಬೆರಳಿನಷ್ಟು ನೀರಿರಲಿ. ಹೆಸರುಕಾಳು ಒಂದೆರಡು ದಿನದಲ್ಲೇ ಬಾಲ ಬಿಡುತ್ತದೆ. ಅಲಸಂದೆಗೆ ಇನ್ನೊಂದೆರಡು ದಿನ ಬೇಕು. ಮೊದಲು ಬೇರು ಕೆಳಗೆ ಹೋಗುತ್ತದೆ, ಆಮೇಲೆ ಕಾಂಡ ಮೇಲೇಳುತ್ತದೆ. ಬೇರು ಒಂದಿಂಚು ಆದಾಗ ತಳದ ನೀರು ಚೆಲ್ಲಿ, ಲೋಟವನ್ನು ಅಡ್ಡ ಮಲಗಿಸಿ. ಕಾಗದ ಮಾತ್ರ ಒಣಗದಿರಲಿ. ಮರುದಿನ ನೋಡಿದರೆ ಬೇರಿನ ತುದಿ ಮತ್ತೆ ನೆಲದ ಕಡೆ ತಿರುಗಿರುತ್ತದೆ! ಇದನ್ನು ಎಷ್ಟು ವರ್ಷ ಮಾಡಿಸಿದರೂ ನನಗೆ ಸಾಕು ಅನ್ನಿಸಲಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಕಾಳುಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಚಿಕ್ಕವಳ ಮೂಗಿಗೋ ಗಂಟಲಿಗೋ ಒಂದು ಕಾಳು ಹೋದರೂ ಕಷ್ಟ.

ಅದು ಮುಗಿಯುವ ಹೊತ್ತಿಗೆ ಅವನಿಗೆ ಮಣ್ಣು ಬೇಕಾಗುತ್ತದೆ. ಆಗ ಮೆಂತ್ಯ ಹಾಕಿ. ಸಾರಿಗೆ ಹಾಕುವ ಮೆಂತ್ಯವೇ ಸಾಕು, ಬೇರೆ ಬೀಜ ಕೊಳ್ಳಬೇಡಿ. ಮೊಸರಿನ ಡಬ್ಬಿಯ ತಳಕ್ಕೆ ನಾಲ್ಕು ತೂತು ಮಾಡಿ, ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿಸಿ. ನೆನೆಸಿದ ಎರಡು ಚಮಚ ಮೆಂತ್ಯ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಮೂರು ನಾಲ್ಕು ದಿನದಲ್ಲಿ ಏಳುತ್ತದೆ. ಎರಡು ವಾರಕ್ಕೆ ಅವನೇ ಕತ್ತರಿಯಲ್ಲಿ ಕತ್ತರಿಸಿ ನಿಮ್ಮ ಚಪಾತಿ ಹಿಟ್ಟಿಗೆ ಹಾಕಬಹುದು. ತಾನು ಬೆಳೆದದ್ದನ್ನು ಅಪ್ಪನ ತಟ್ಟೆಗೆ ಬಡಿಸುವ ಮಗುವಿನ ಮುಖ ನೋಡಬೇಕು ನೀವು. ಕೊತ್ತಂಬರಿ ಈಗಲೇ ಬೇಡ. ಅದು ಮೊಳೆಯಲು ಎಂಟು ಹತ್ತು ದಿನ, ಒಮ್ಮೊಮ್ಮೆ ಇನ್ನೂ ಜಾಸ್ತಿ ತೆಗೆದುಕೊಳ್ಳುತ್ತದೆ. ಆರು ವರ್ಷದವರಿಗೆ ಅದು ತುಂಬ ದೊಡ್ಡ ಕಾಯುವಿಕೆ.

ವರ್ಷಗಟ್ಟಲೆ ಜೊತೆಗಿರುವ ಗಿಡ ಬೇಕೆಂದರೆ ನನ್ನ ಮನಸ್ಸು ದೊಡ್ಡಪತ್ರೆಗೆ ಹೋಗುತ್ತದೆ. ಸಾಂಬಾರಸೊಪ್ಪು ಅಂತಲೂ ಕರೆಯುತ್ತಾರಲ್ಲ, ಅದೇ. ಪರಿಚಯದವರ ಮನೆಯಿಂದ ಗೇಣುದ್ದದ ಒಂದು ಟೊಂಗೆ ಕೇಳಿ ತನ್ನಿ. ಕೆಳಗಿನ ಎಲೆ ತೆಗೆದು ಮಣ್ಣಿಗೆ ಚುಚ್ಚಿದರೆ ಎರಡು ವಾರದೊಳಗೆ ಸಾಮಾನ್ಯವಾಗಿ ಬೇರು ಬಿಡುತ್ತದೆ. ಎಲೆಯ ಮೇಲೆ ಮೃದುವಾದ ರೋಮ ಇರುತ್ತದೆ, ಸವರಿದರೆ ಕೈಯೆಲ್ಲ ಘಮ. ಮಕ್ಕಳು ಮುಟ್ಟದೆ ಇರುವುದಿಲ್ಲ, ಮುಟ್ಟಿದರೆ ಅದಕ್ಕೇನೂ ಆಗುವುದಿಲ್ಲ. ನಿಮಗೆ ತಂಬುಳಿಗೂ ಆಯಿತು, ಬಜ್ಜಿಗೂ ಆಯಿತು. ನಿಮ್ಮ ಪೂರ್ವದ ಕಿಟಕಿಯ ಬೆಳಗಿನ ಬಿಸಿಲು ಅದಕ್ಕೆ ಸಾಕು.

ನೀರಿನ ವಿಷಯ. ನೀರು ಹಾಕಬೇಡ ಅಂತ ಅವನಿಗೆ ಹೇಳಬೇಡಿ. ಆ ಕೆಲಸದಲ್ಲೇ ಅವನ ಪ್ರೀತಿ ಇದೆ. ಬದಲಿಗೆ ಬೆರಳಿನ ಒಂದು ಗೆಣ್ಣು ಮಣ್ಣಿಗೆ ಇಳಿಸಿ ನೋಡುವುದನ್ನು ಕಲಿಸಿ. ಒದ್ದೆ ಹತ್ತಿದರೆ ಇವತ್ತು ಬೇಡ, ಒಣಗಿದ್ದರೆ ಒಂದು ಸಣ್ಣ ಟೀ ಲೋಟದಷ್ಟು. ಬೇರಿಗೂ ಗಾಳಿ ಬೇಕು, ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಅದು ಉಸಿರುಕಟ್ಟಿ ಕೊಳೆಯುತ್ತದೆ ಅಂತ ಹೇಳಿದರೆ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಮನಿ ಪ್ಲಾಂಟ್ ಸುಲಭ, ನಿಜ. ಆದರೆ ಅದು ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದು. ಹಸಿ ಕೆಸು ನಾಲಿಗೆಗೆ ತಗುಲಿದರೆ ಹೇಗೆ ತುರಿಸುತ್ತದೆ ಅಂತ ನಿಮಗೆ ಗೊತ್ತಲ್ವಾ? ಸೂಜಿಯಂಥ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದರ ಎಲೆಯಲ್ಲೂ ಇವೆ. ಮನೆಯೊಳಗೆ ಅಲಂಕಾರಕ್ಕೆ ಇಡುವ ಡಿಫೆನ್‌ಬೇಕಿಯಾದಲ್ಲೂ ಇವೆ. ಮಗಳು ದೊಡ್ಡವಳಾಗುವವರೆಗೆ ಎರಡೂ ಬೇಡ. ಕಾಡುಬಸಳೆ ಬಗ್ಗೆಯೂ ಇದೇ ಮಾತು. ಅದರ ಒಂದೇ ಎಲೆಯನ್ನು ಒದ್ದೆ ಮಣ್ಣಿನ ಮೇಲೆ ಸುಮ್ನೆ ಇಟ್ಟರೂ ಅಂಚಿನಲ್ಲಿ ಪುಟ್ಟ ಸಸಿಗಳು ಹುಟ್ಟುತ್ತವೆ. ಮಕ್ಕಳಿಗೆ ಅದಕ್ಕಿಂತ ಚೆಂದದ ನೋಟ ಇಲ್ಲ. ಆದರೆ ತಿಂದರೆ ವಿಷ. ಬೆಳೆಸುವುದಾದರೆ ಮಗಳಿಗೆ ಎಟುಕದ ಎತ್ತರದಲ್ಲಿ ಇಡಿ.

ಕೊನೆಯದಾಗಿ, ರಾತ್ರೋರಾತ್ರಿ ಗಿಡ ಬದಲಾಯಿಸುವುದನ್ನು ಇನ್ನು ಮಾಡಬೇಡಿ. ಮುಂದೆ ಗಿಡ ಸತ್ತರೆ ಅವನು ಅಳಲಿ, ಪಕ್ಕದಲ್ಲಿ ನೀವಿರಿ. ಇಬ್ಬರೂ ಸೇರಿ ಅದನ್ನು ಕಿತ್ತು ಬೇರು ನೋಡಿ. ಕಂದಾಗಿ ಮೆತ್ತಗಾಗಿದ್ದರೆ ನೀರು ಜಾಸ್ತಿಯಾಗಿದೆ. ಹಾಗೆ ಬೇರು ನೋಡಿದ ನನ್ನ ಮಕ್ಕಳಲ್ಲಿ ಹೆಚ್ಚಿನವರು ಆ ಮಧ್ಯಾಹ್ನವೇ ಇನ್ನೊಂದು ಕಾಳು ಕೇಳುತ್ತಿದ್ದರು.

ಪ್ರಶ್ನೆ: ಮಗಳು ಬಾಟಲಿ ನೀರಿನಲ್ಲಿ ಸಿಹಿಗೆಣಸು ಇಟ್ಟಿದ್ದಾಳೆ. ಬಳ್ಳಿ ಚೆನ್ನಾಗಿ ಬಂದಿದೆ. ಸೊಳ್ಳೆ ಆಗುತ್ತದೆ, ಎಸೆಯಿರಿ ಅನ್ನುತ್ತಾರೆ ಮನೆಯವರು.
– ಓದುಗರು, ಶಿವಮೊಗ್ಗ

ಉತ್ತರ: ಎಸೆಯಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ಹಂತಕ್ಕೆ ಬೆಳೆಯಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ, ಬಾಟಲಿಯ ಒಳಗೋಡೆ ಉಜ್ಜಿ ತೊಳೆದು ಹೊಸ ನೀರು ತುಂಬಿಸಿ. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಅದಕ್ಕೇ ಉಜ್ಜಬೇಕು. ಬಾಟಲಿಯ ಬಾಯಿಗೆ ಹತ್ತಿ ತುರುಕಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅಕ್ಕೋರೆ, ಮೊಮ್ಮಗಳು ಫ್ರಿಜ್ ಮೇಲೆ ಡಬ್ಬಿಯಲ್ಲಿ ಮೆಂತ್ಯ ಹಾಕಿದ್ದಾಳೆ. ದಾರದಂತೆ ಉದ್ದ ಬೆಳೆದು ಅಡ್ಡ ಬಿದ್ದಿದೆ. ಗೊಬ್ಬರ ಹಾಕಬೇಕೇ?
– ಒಬ್ಬ ಅಜ್ಜ, ಹುಬ್ಬಳ್ಳಿ

ಉತ್ತರ: ಗೊಬ್ಬರ ಬೇಡ ಅಜ್ಜಾರೆ, ಬೆಳಕು ಬೇಕು. ನವರಾತ್ರಿಗೆ ಘಟ ಹಾಕಿದಾಗ ದೇವರ ಮನೆಯ ಕತ್ತಲಲ್ಲಿ ಸಸಿ ಹಳದಿಯಾಗಿ ಉದ್ದಕ್ಕೆ ಏಳುವುದನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಇದೂ ಅದೇ. ಬೆಳಕು ಎಲ್ಲಿದೆ ಅಂತ ಹುಡುಕಿಕೊಂಡು ಕಾಂಡ ಓಡುತ್ತದೆ, ದಪ್ಪವಾಗಲು ಪುರುಸೊತ್ತಿರುವುದಿಲ್ಲ. ಬಿದ್ದದ್ದು ಮತ್ತೆ ಗಟ್ಟಿಯಾಗುವುದಿಲ್ಲ. ಹೊಸದಾಗಿ ಬಿತ್ತಿ, ಮೊಳಕೆ ಕಂಡ ದಿನದಿಂದಲೇ ಕಿಟಕಿಯಲ್ಲಿ ಇಡಿ. ದಿನಕ್ಕೊಮ್ಮೆ ಡಬ್ಬಿ ತಿರುಗಿಸಿ.

ಮೊಮ್ಮಗಳಿಗೆ ಇನ್ನೊಂದು ಕೆಲಸ ಕೊಡಿ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿಗೆ ಪುಟ್ಟ ಟೋಪಿ ಹಾಕಿ ನೋಡಿದ್ದರು. 1880ರಲ್ಲಿ ಅದನ್ನು ಪ್ರಕಟಿಸಿದರು. ನಾನು ಗೋಧಿಯಲ್ಲಿ ಮಾಡಿಸುತ್ತಿದ್ದೆ. ಗೋಧಿ ಮೊಳಕೆಗಳನ್ನು ಕತ್ತಲಲ್ಲಿಟ್ಟು ಒಂದಿಂಚು ಬೆಳೆಸಿ. ನಾಲ್ಕು ಮೊಳಕೆಗಳ ತುದಿಗೆ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ನಾಲ್ಕನ್ನು ಹಾಗೇ ಬಿಡಿ. ಒಂದೇ ಕಡೆಯಿಂದ ಬೆಳಕು ಬೀಳುವಂತೆ ಕಿಟಕಿಯ ಪಕ್ಕ ಇಟ್ಟು ಮರುದಿನ ಕರೆದು ತೋರಿಸಿ. ಬರಿತಲೆಯವು ಕಿಟಕಿಯ ಕಡೆ ಬಾಗಿರುತ್ತವೆ, ಟೋಪಿ ಹಾಕಿಕೊಂಡವು ನೆಟ್ಟಗೆ ನಿಂತಿರುತ್ತವೆ. ಯಾಕೆ ಅಂತ ಅವಳೇ ಕೇಳುವವರೆಗೆ ಏನೂ ಹೇಳಬೇಡಿ.